ಆಗಲೇ ಇರುವ ವ್ಯಕ್ತಿ

ಫೆಬ್ರವರಿ ೩

ಚಿಕ್ಕೋನೇ,

ಕಾಗದ ನೋಡಿ ಗಾಬರಿ ಬೀಳಬೇಡ, ಯಾರಿಗೂ ಏನೂ ಆಗಿಲ್ಲ. ಆಗಬೇಕಾದ್ದೆಲ್ಲ ಹೋದ ವರ್ಷವೇ ಆಗಿಹೋಯ್ತಲ್ಲ. ಫೋನಲ್ಲೇ ಹೇಳೋಣ ಅಂತ ಮೊನ್ನೆ ನಿನಗೆ ಮಾಡಿದ್ದೆ. ನೀನು ‘ಹಲೋ ಅತ್ತಿಗೆ’ ಅಂದೆ, ಅಷ್ಟೆ. ನಿನ್ನ ದನಿ ಬರಬರುತ್ತಾ ನಿಮ್ಮಣ್ಣನ ದನಿಯೇ ಆಗ್ತಿದೆ ಕಣೋ. ಅದಕ್ಕೇ ಒಲೆ ಮೇಲೆ ಹಾಲಿದೆ ಅಂತ ಸುಳ್ಳು ಹೇಳಿ ಇಟ್ಟುಬಿಟ್ಟೆ.

ವಿಷಯ ಏನಂದ್ರೆ, ಅವರ ಫೋನನ್ನ ನಾನು ಇವತ್ತಿಗೂ ಚಾರ್ಜಿಗೆ ಹಾಕ್ತೀನಿ. ನಗು, ನಕ್ಕುಬಿಡು. ಕಪಾಟಿನಲ್ಲಿ ಅವರ ಶರ್ಟುಗಳ ಪಕ್ಕ ಇಟ್ಟಿರ್ತೀನಿ. ಮೊನ್ನೆ ಬೆಳಿಗ್ಗೆ ಲಾಂಡ್ರಿ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟಿದ್ದೆ, ಕಪಾಟಿನೊಳಗಿಂದ ಅದು ಹೊಡ್ಕೊಳ್ಳೋಕೆ ಶುರುವಾಯ್ತು. ಎತ್ತಿದೆ. ಆಸ್ಪತ್ರೆಯ ಯಂತ್ರದ ಹೆಂಗಸು. ಅವರ ಪೂರ್ತಿ ಹೆಸರು ಕರೆದು, ‘ಮಾರ್ಚ್ ಇಪ್ಪತ್ತೆಂಟರಂದು ನಿಮ್ಮ ತಪಾಸಣೆ ಇದೆ, ತಪ್ಪದೇ ಬನ್ನಿ’ ಅಂದಳು. ಎಷ್ಟು ನಯವಾಗಿ ಅಂತೀಯ! ಕಾಮಾಲೆ ತಲೆಗೇರಿ ಅವರು ಪ್ರಾಣ ಬಿಟ್ಟಿದ್ದು ಅದೇ ಆಸ್ಪತ್ರೆಯಲ್ಲಿ. ಬಟ್ಟೆ ಮುಚ್ಚಿ ನಮ್ಮ ಕೈಗೆ ಕೊಟ್ಟಿದ್ದೂ ಆ ಆಸ್ಪತ್ರೆಯವರೇ. ಈಗ ತಪ್ಪದೇ ಬನ್ನಿ ಅಂತಾರೆ. ಶರ್ಟುಗಳ ಮೇಲೆ ಕೈ ಊರಿ ಹಾಗೇ ನಿಂತುಬಿಟ್ಟೆ. ಆ ದಿನ ಅಂಗಡಿಗೆ ತಡವಾಗಿ ಹೋದೆ.

ಊರೂರಲ್ಲಿರೋ ಆ ಆಸ್ಪತ್ರೆಗಳ ದಾಖಲೆಯನ್ನೆಲ್ಲ ಕಂಪ್ಯೂಟರಿನಲ್ಲಿ ಕಾಯೋನು ನೀನು. ಯಾಕೆ ಹೀಗಾಯ್ತು ಅಂತ ನಿನಗೆ ಗೊತ್ತಿರುತ್ತೆ. ನನಗೆ ಬೇಕಿರೋದು ಅದಲ್ಲ. ಮಾರ್ಚ್ ಇಪ್ಪತ್ತೆಂಟಕ್ಕೆ ರಜ ಹಾಕಿ ಇಲ್ಲಿಗೆ ಬಾ. ಯಾಕೆ ಅಂತ ಬಂದಮೇಲೆ ಹೇಳ್ತೀನಿ, ಈಗ ಕೇಳಬೇಡ.

ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೇನೋ? ಅವರು ಕೇಳ್ತಿದ್ದ ಪ್ರಶ್ನೆ ಈಗ ನನ್ನ ಪಾಲಿಗೆ ಬಂದಿದೆ. ಉತ್ತರ ಬರಿ.

ನಿನ್ನ ಅತ್ತಿಗೆ


ಫೆಬ್ರವರಿ ೧೧

ಅತ್ತಿಗೆ,

ನಿಮ್ಮ ಕಾಗದ ಓದಿದ ಕೂಡಲೇ ಅಣ್ಣನ ಹೆಸರು ಹಾಕಿ ಹುಡುಕಿದೆ, ಸಿಕ್ಕಿದ. ಆದರೆ ಇದು ದೆವ್ವವೂ ಅಲ್ಲ, ಪವಾಡವೂ ಅಲ್ಲ. ನಮ್ಮ ಭಾಷೆಯಲ್ಲಿ ಡೂಪ್ಲಿಕೇಟ್.

ಬಿಡಿಸಿ ಹೇಳ್ತೀನಿ, ಆಕಳಿಸಬೇಡಿ. ರೋಗಿಗಳೆಲ್ಲರ ಹೆಸರಿರೋ ಒಂದು ದೊಡ್ಡ ಟೇಬಲ್ ಇದೆ. ಒಬ್ಬ ಮನುಷ್ಯನಿಗೆ ಒಂದೇ ಸಾಲು ಅನ್ನೋದು ಧರ್ಮ. ಆದರೆ ಆ ಟೇಬಲ್ ಕಟ್ಟಿದ ಪುಣ್ಯಾತ್ಮರು ಬಾಗಿಲಲ್ಲಿ ಕಾವಲಿನವನನ್ನೇ ನಿಲ್ಲಿಸಿರಲಿಲ್ಲ. ಯಾವ ಊರಿನ ಕೌಂಟರಿನಲ್ಲಿ ಯಾರು ಟೈಪ್ ಮಾಡಿದರೂ ಹೊಸ ಸಾಲು ಒಳಗೆ ಬಂದುಬಿಡುತ್ತೆ. ಹಾಗಾಗಿ ಅಣ್ಣ ಎರಡು ಸಲ ಕೂತಿದ್ದಾನೆ. ಅದೇ ಹೆಸರು, ಅದೇ ಹುಟ್ಟಿದ ದಿನ, ಕಾರ್ಖಾನೆಯವರು ಕೊಟ್ಟ ಅದೇ ಚಿಕಿತ್ಸೆಯ ಕಾರ್ಡು, ಅದೇ ಫೋನ್ ನಂಬರ್. ಒಂದು ಸಾಲಿನಲ್ಲಿ ‘ನಿಧನ’ ಅಂತ ಗುರುತು ಹಾಕಿದ್ದಾರೆ. ಇನ್ನೊಂದು ಸಾಲಿಗೆ ಆ ಸುದ್ದಿ ಯಾರೂ ಮುಟ್ಟಿಸಿಲ್ಲ, ಅಷ್ಟೆ. ಅದರ ಲೆಕ್ಕದಲ್ಲಿ ಅಣ್ಣ ಗಟ್ಟಿಮುಟ್ಟಾಗಿದ್ದಾನೆ. ನಮ್ಮ ಆಫೀಸಿನಲ್ಲಿ ಈಗ ಇಂಥವನ್ನೇ ಹುಡುಕಿ ಹುಡುಕಿ ಒಂದು ಮಾಡ್ತಿದ್ದೀವಿ. ಆಮೇಲೆ ಕಾವಲಿನವನನ್ನೂ ನಿಲ್ಲಿಸ್ತೀನಿ. ಹೆಸರು, ಹುಟ್ಟಿದ ದಿನ, ಕಾರ್ಡಿನ ನಂಬರು ಮೂರೂ ಒಂದೇ ಇರೋ ಇನ್ನೊಬ್ಬ ಬಂದರೆ ಹೊರಗೆ ತಳ್ಳೋದೇ ಅವನ ಕೆಲಸ.

ಮಾರ್ಚ್ ಇಪ್ಪತ್ತೆಂಟಕ್ಕೆ ಬರೋಕಾಗಲ್ಲ. ಬೇಜಾರು ಮಾಡ್ಕೋಬೇಡಿ, ಬಿಚ್ಚಿ ಹೇಳ್ತೀನಿ. ಇಲ್ಲದವನ ತಪಾಸಣೆಗೆ ನಾವಿಬ್ಬರೂ ಹೋಗಿ ಆ ಬೆಂಚಿನ ಮೇಲೆ ಕೂರೋದು ಬೇಡ ಅತ್ತಿಗೆ. ನಿಮ್ಮನ್ನ ನೆನೆಸಿಕೊಂಡರೆ ನನಗೆ ಹೆದರಿಕೆಯಾಗುತ್ತೆ. ಬದಲಿಗೆ ನೀವೇ ಇಲ್ಲಿಗೆ ಬಂದು ಒಂದು ತಿಂಗಳು ಇರಿ.

ಮೆಟ್ಟಿಲಾ? ಐದು ಮಹಡಿ ಕುದುರೆ ಹಾಗೆ ಹತ್ತುತ್ತೀನಿ.

ಚಿಕ್ಕೋನು


ಫೆಬ್ರವರಿ ೧೭

ಚಿಕ್ಕೋನೇ,

ಆ ಎರಡನೇ ಸಾಲನ್ನ ಮುಟ್ಟಬೇಡ.

ನಿನ್ನ ವಿದ್ಯೆಯ ಮೇಲೆ ನನಗೆ ಅನುಮಾನ ಇಲ್ಲ. ಆದರೆ ಮುಟ್ಟಬೇಡ. ನಮ್ಮ ಅಂಗಡಿಗೆ ದಿನಾ ಬಿಳಿ ಶರ್ಟು ಬರುತ್ತೆ, ಅಳತೆ ಒಂದೇ, ಕಂಪನಿ ಒಂದೇ. ಒಂದೇ ಥರ ಕಾಣ್ತು ಅಂತ ಎರಡನ್ನೂ ಒಬ್ಬರ ಗಂಟಿಗೆ ಕಟ್ಟಿ ಕಳಿಸಿದರೆ ಇನ್ನೊಬ್ಬ ಬಂದು ನನ್ನ ಜುಟ್ಟು ಹಿಡೀತಾನೆ. ನಾನು ಹೇಳೋದು ಅರ್ಥ ಆಯ್ತಾ? ಆಗಿರಲ್ಲ. ಇದಕ್ಕಿಂತ ಬಿಡಿಸಿ ಹೇಳೋಕೆ ನನಗೆ ಬಾಯಿಲ್ಲ, ಆಣೆ ಇದೆ.

ನಾನು ಅಲ್ಲಿಗೆ ಬಂದು ಕೂರೋದಿರಲಿ, ನೀನು ಇಲ್ಲಿಗೆ ಬಾ. ಒಂದು ದಿನದ ಮಟ್ಟಿಗೆ. ಹಟ ಅಂದುಕೋ, ಹುಚ್ಚು ಅಂದುಕೋ, ಏನಾದರೂ ಅಂದುಕೋ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಿನ್ನನ್ನ ಏನಾದರೂ ಕೇಳಿದ್ದೀನಾ? ಕೇಳಿದ್ದೀನಿ, ಸ್ನಾನ ಮಾಡೋ ಅಂತ. ಅದನ್ನೂ ನೀನು ಮಾಡ್ತಿರಲಿಲ್ಲ.

ಕುದುರೆ ಏದುಸಿರು ಬಿಡಲ್ಲ ಅಂತ ಯಾರು ಹೇಳಿದ್ದು?

ಅತ್ತಿಗೆ


ಮಾರ್ಚ್ ೨

ಅತ್ತಿಗೆ,

ಬೈದುಕೊಳ್ಳಿ. ಆ ಸಾಲನ್ನ ತೆಗೆದುಬಿಟ್ಟೆ.

ನಿಮ್ಮ ಹಿಂದಿನ ಕಾಗದ ಓದಿ ಮೇಜಿನ ಮೇಲೆ ತಲೆ ಇಟ್ಟು ಕೂತಿದ್ದೆ. ಆ ಯಂತ್ರದ ಹೆಂಗಸು ಮತ್ತೆ ಕರೀತಾಳೆ ಅಂತ ನೀವು ಕಪಾಟಿನ ಮುಂದೆ ಕಾದು ಕೂತಿರೋದು ಕಣ್ಣಿಗೆ ಕಟ್ಟಿತು. ನಾನು ಇಲ್ಲಿ ಕೈಯಲ್ಲಿ ಬೀಗದ ಕೈ ಇಟ್ಟುಕೊಂಡು ಸುಮ್ಮನಿರೋದು ಹೇಗೆ? ಆ ಎರಡನೇ ಸಾಲಿನ ಭೇಟಿಗಳು, ಸ್ಕ್ಯಾನ್ ಚಿತ್ರಗಳು ಎಲ್ಲವನ್ನೂ ‘ನಿಧನ’ ಅಂತಿರೋ ಸಾಲಿನ ಕೆಳಗೆ ಸೇರಿಸಿ, ಎರಡನ್ನೂ ಒಂದು ಮಾಡಿ, ಕಡತ ಮುಚ್ಚಿದೆ. ಕಾವಲಿನವನನ್ನೂ ನಿಲ್ಲಿಸಿದೆ. ಆ ಫೋನು ಇನ್ನು ಹೊಡ್ಕೊಳ್ಳಲ್ಲ. ಇವತ್ತು ನಾನು ವಿಲನ್ ಆದರೂ ಪರವಾಗಿಲ್ಲ.

ಆದರೆ ಅತ್ತಿಗೆ, ಮುಚ್ಚೋ ಮೊದಲು ಅದರೊಳಗೆ ಕಣ್ಣಾಡಿಸಿದೆ. ಮಾಡಬಾರದಿತ್ತು. ಎರಡನೇ ಸಾಲು ಪೂರ್ತಿ ಹೃದಯದ ವಿಭಾಗದ್ದು. ಯಾವುದೋ ಕಾಲದಲ್ಲಿ ವಾರಗಟ್ಟಲೆ ಮಲಗಿದ್ದ ದಾಖಲೆ ಇದೆ, ಎದೆಯ ಸ್ಕ್ಯಾನು ಇದೆ. ಅಣ್ಣನಿಗೆ ಹೃದಯದ ಕಾಯಿಲೆ ಇತ್ತಾ? ನೀವಿಬ್ಬರೂ ನನ್ನ ಹತ್ತಿರ ಮುಚ್ಚಿಟ್ಟಿರಾ? ಆಣೆ ಅಂದದ್ದು ಇದಕ್ಕೇನಾ? ಒಬ್ಬನೇ ತಮ್ಮ ನಾನು. ಎದೆ ಕೆಟ್ಟವನ ಹೆಗಲ ಮೇಲೆ ಕೂತು ಓದು ಮುಗಿಸಿದೆನಾ ಅಂತ ಯೋಚಿಸಿ ಎರಡು ದಿನ ಊಟ ಸೇರಲಿಲ್ಲ. ನನಗೆ ಸಿಟ್ಟು ಬಂದಿದೆ. ಯಾರ ಮೇಲೆ ಅಂತ ಗೊತ್ತಾಗ್ತಿಲ್ಲ.

ಆ ಸಾಲಿನಲ್ಲಿ ರಕ್ತದ ಗುಂಪನ್ನ ಬೇರೆ ತಪ್ಪು ಹಾಕಿದ್ದಾರೆ. ಅಣ್ಣನದು ಓ, ಅಲ್ಲಿ ಬಿ ಅಂತಿದೆ. ಟೈಪ್ ಮಾಡಿದವರು ತೂಕಡಿಸ್ತಿದ್ದರೇನೋ. ಅದನ್ನೂ ಸರಿ ಮಾಡಿದೆ.

ಚಿಕ್ಕೋನು


ಮಾರ್ಚ್ ೯

ಅತ್ತಿಗೆ,

ಉತ್ತರ ಇಲ್ಲ. ಫೋನೂ ಎತ್ತುತ್ತಿಲ್ಲ. ನಿಮ್ಮ ಲಾಂಡ್ರಿಗೆ ಮಾಡಿದರೆ ‘ಒಳಗೆ ಇಸ್ತ್ರಿ ಮಾಡ್ತಿದ್ದಾರೆ’ ಅಂತ ಯಾರೋ ಹೇಳಿದರು. ಹಿಂದಿನಿಂದ ‘ಇಲ್ಲ ಅಂತ ಹೇಳು’ ಅಂದಿದ್ದು ನಿಮ್ಮದೇ ದನಿ, ಚೆನ್ನಾಗಿ ಕೇಳಿಸಿತು.

ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಬೇಡಿ. ಕಾವಲಿನವನು ಸರಿಯಾಗಿ ಕೆಲಸ ಮಾಡ್ತಾನಾ ಅಂತ ಪರೀಕ್ಷೆ ಮಾಡಬೇಕಿತ್ತು. ಯಾವುದಾದರೂ ಹೆಸರು ಹಾಕಬಹುದಿತ್ತು. ಅಣ್ಣನ ಹೆಸರು ಹಾಕಿದೆ. ಹುಟ್ಟಿದ ದಿನ ಹಾಕಿದೆ. ಕಾರ್ಡಿನ ನಂಬರ್ ಹಾಕಿದೆ. ‘ಈ ವ್ಯಕ್ತಿ ಆಗಲೇ ಇದ್ದಾರೆ’ ಅಂತ ಉತ್ತರ ಬಂತು. ಆ ಉತ್ತರವನ್ನ ಬರೆದಿಟ್ಟವನೇ ನಾನು, ಅದು ಹಾಗೇ ಹೇಳಬೇಕು ಅಂತ ನನಗೆ ಗೊತ್ತು. ಆದರೂ ಮತ್ತೆ ಹಾಕಿದೆ. ಮತ್ತೆ ಅದೇ. ಈಗ ಸಂಜೆ ಮನೆಗೆ ಹೊರಡೋ ಮೊದಲು ಒಂದು ಸಲ ಹಾಕಿ ನೋಡೋದು ಅಭ್ಯಾಸ ಆಗಿಬಿಟ್ಟಿದೆ. ಆಗಲೇ ಇದ್ದಾರೆ. ಆಗಲೇ ಇದ್ದಾರೆ. ನಿಮಗೆ ಬುದ್ಧಿ ಹೇಳಿದವನು ನಾನೇ ಅಲ್ಲವಾ?

ಲಿಫ್ಟ್ ಕೆಟ್ಟಿದೆ. ನಿನ್ನೆ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಹೊಸ ಚಪ್ಪಲಿ, ಕಾಲು ಕಚ್ಚಿತ್ತು, ಬೇರೇನಿಲ್ಲ.

ಒಂದು ಸಾಲು ಬರೀರಿ. ಬೈದಾದರೂ ಬರೀರಿ.

ಚಿಕ್ಕೋನು


ಮಾರ್ಚ್ ೧೩

ಚಿಕ್ಕೋನೇ,

ಚಪ್ಪಲಿ ಕಚ್ಚಿದರೆ ಯಾರೂ ಮೆಟ್ಟಿಲ ಮೇಲೆ ಕೂರಲ್ಲ, ಕುಂಟುತ್ತಾರೆ. ಇದನ್ನ ಕೊರಿಯರಿನಲ್ಲಿ ಕಳಿಸ್ತಿದ್ದೀನಿ. ಕೂತುಕೊಂಡು ಓದು.

ನೀನು ತೆಗೆದುಹಾಕಿದ್ದು ನಿಮ್ಮಣ್ಣನನ್ನಲ್ಲ. ನಿನ್ನನ್ನೇ.

ನಿನಗಾಗ ಹತ್ತೊಂಬತ್ತು. ಕೀಲುಕೀಲು ಊದಿಕೊಂಡು ಜ್ವರ ಬಂತು ನೆನಪಿದೆಯಾ? ನಿನಗೆ ಜ್ವರ ಮಾತ್ರ ನೆನಪಿರುತ್ತೆ, ಅದರ ಮೇಲಿನದು ನಮಗೆ ನೆನಪು. ಕಾರ್ಖಾನೆಯ ಕಾರ್ಡು ಅವರಿಗೆ ಮತ್ತು ನನಗೆ ಮಾತ್ರ ನಡೀತಿತ್ತು, ತಮ್ಮನಿಗೆ ಇಲ್ಲ. ಕಾರ್ಡು ಇಲ್ಲದೆ ಆ ಆಸ್ಪತ್ರೆಯ ಮೆಟ್ಟಿಲು ತುಳಿಯೋ ತಾಕತ್ತು ನಮಗಿರಲಿಲ್ಲ. ನಿಮ್ಮಣ್ಣ ನಿನ್ನನ್ನ ತಳ್ಳುಗಾಡಿಯಲ್ಲಿ ಮಲಗಿಸಿ, ತಮ್ಮ ಹೆಸರು ಹೇಳಿ, ತಮ್ಮ ಕಾರ್ಡು ಕೊಟ್ಟುಬಿಟ್ಟರು. ಕೌಂಟರಿನವನು ನಿನ್ನ ಮುಖ ನೋಡಿ, ‘ಕಾರ್ಖಾನೆ ಕೆಲಸ ಅಂತೀರಿ, ಇಷ್ಟು ಎಳಸಾಗಿ ಕಾಣ್ತಾರೆ’ ಅಂದ. ನಾನು ಸೆರಗು ಬಾಯಿಗಿಟ್ಟು, ‘ನನ್ನ ಕೈಯಡುಗೆ’ ಅಂದೆ. ಅಳಬೇಕಾದ ಹೊತ್ತು, ನಿಮ್ಮಣ್ಣ ಕಂಬದ ಹಿಂದೆ ಹೋಗಿ ನಕ್ಕರು. ಅಷ್ಟು ದಿನ ಆ ವಾರ್ಡಿನಲ್ಲಿ ನಾನು ನಿನ್ನ ಹೆಂಡತಿ, ಅವರು ನಿನ್ನ ಅಣ್ಣ. ದಾದಿ ನಿನ್ನನ್ನ ಅವರ ಹೆಸರು ಹಿಡಿದು ಕರೆದಾಗ ನೀನು ಕೇಳಿದೆ. ‘ಕಾರ್ಡು ಯಾರದ್ದೋ ಅವರ ಹೆಸರನ್ನೇ ಕೂಗ್ತಾರೆ, ಸುಮ್ಮನೆ ಹೂಂ ಅನ್ನು’ ಅಂತ ಅವರು ಹೇಳಿದರು. ನೀನು ಹೂಂ ಅಂದೆ.

ಜ್ವರ ಹೋಯ್ತು. ಆದರೆ ಹೋಗ್ತಾ ಎದೆಯೊಳಗಿನ ಒಂದು ಕವಾಟಕ್ಕೆ ಪೆಟ್ಟು ಕೊಟ್ಟು ಹೋಯ್ತು. ‘ಈಗ ತೊಂದರೆ ಇಲ್ಲ, ಆಗಾಗ ತೋರಿಸ್ತಿರಿ, ಏದುಸಿರು ಬಂದರೆ ಒಂದು ದಿನವೂ ಕಾಯಬೇಡಿ’ ಅಂದರು ಡಾಕ್ಟರು. ನೀನು ಕೆಲಸಕ್ಕೆ ಸೇರೋ ಮುಂಚೆ ‘ಎಲ್ಲರೂ ಮಾಡಿಸ್ತಾರೆ’ ಅಂತ ಒಂದು ಸಲ ಪುಸಲಾಯಿಸಿ ಕರ್ಕೊಂಡು ಹೋದರಲ್ಲ, ಅದು ಇದಕ್ಕೇ. ಆಮೇಲೆ ಆಸ್ಪತ್ರೆಯವರು ವರ್ಷಕ್ಕೊಮ್ಮೆ ದಿನ ಗೊತ್ತುಮಾಡಿ ಫೋನ್ ಮಾಡೋರು, ಇವರು ಕರೆದಾಗೆಲ್ಲ ನಿನಗೆ ಪುರುಸೊತ್ತಿರಲಿಲ್ಲ. ಕವಾಟದ ವಿಷಯ ನಿನಗೆ ಹೇಳಿಬಿಡಿ ಅಂತ ನಾನು ಜಗಳ ಆಡಿದ್ದೀನಿ. ‘ಹೇಳಿದರೆ ಎದೆ ಹಿಡ್ಕೊಂಡೇ ಬದುಕ್ತಾನೆ’ ಅನ್ನೋರು. ಜೊತೆಗೆ ಕಾರ್ಡಿನ ಭಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ಕಾರ್ಖಾನೆಯಲ್ಲಿ ಯಾರಾದರೂ ಕಾರ್ಡು ಅಂತ ಬಾಯಿ ಬಿಟ್ಟರೆ ಸಾಕು, ಇವರು ಬೆವರೋರು.

ಕೊನೆಯ ದಿನ ನನ್ನ ಕೈ ಹಿಡ್ಕೊಂಡು, ‘ನನ್ನನ್ನ ಕಳ್ಳ ಅನ್ನಿಸಬೇಡ, ಅವನನ್ನ ತಪಾಸಣೆಗೆ ಕಳಿಸೋದು ಮಾತ್ರ ಬಿಡಬೇಡ’ ಅಂದರು. ಎರಡೂ ಒಟ್ಟಿಗೆ ಹೇಗೆ ರೀ ಆಗುತ್ತೆ ಅಂತ ಕೇಳೋಷ್ಟರಲ್ಲಿ ಅವರಿಗೆ ಮಾತು ನಿಂತಿತ್ತು. ಅದಕ್ಕೇ ನಿನ್ನನ್ನ ಬಾ ಬಾ ಅಂತ ಕರೆದೆ. ಮೊದಲು ಡಾಕ್ಟರ ಮುಂದೆ ಕೂರಿಸಿ, ಆಮೇಲೆ ಹೇಳೋಣ ಅಂತಿದ್ದೆ. ನಿನ್ನ ಮಾರ್ಚ್ ಎರಡರ ಕಾಗದ ಬಂದಾಗಿನಿಂದ ಇಷ್ಟು ದಿನ ಆಣೆಯನ್ನ ಇಟ್ಕೊಳ್ಳಲಾ, ನಿನ್ನನ್ನ ಇಟ್ಕೊಳ್ಳಲಾ ಅಂತ ಒದ್ದಾಡಿದೆ. ನಾಚಿಕೆ ಆಗುತ್ತೆ, ಇದಕ್ಕೆ ಒದ್ದಾಟವೇ ಬೇಕಿರಲಿಲ್ಲ.

ಕಳ್ಳ ಅಂದರೆ ಅನ್ನಲಿ. ನೀನು ಇವತ್ತೇ ಡಾಕ್ಟರ ಹತ್ತಿರ ಹೋಗು.

ಅತ್ತಿಗೆ


ಮಾರ್ಚ್ ೧೮

ಅತ್ತಿಗೆ,

ಕಾಗದ ಬಂದ ಕೂಡಲೇ ಫೋನ್ ಮಾಡಿದೆ. ನೀವೂ ಎತ್ತಿದಿರಿ. ಇಬ್ಬರೂ ಒಂದು ಮಾತೂ ಆಡದೆ ಇಟ್ಟೆವು. ಅದಕ್ಕೆ ಮತ್ತೆ ಕಾಗದ.

ಬಿ ನನ್ನ ರಕ್ತ. ಅದನ್ನ ಕಣ್ಣಾರೆ ನೋಡಿ, ತಪ್ಪು ಅಂತ ತಿದ್ದಿದೆನಲ್ಲ, ಆ ಕೈಯನ್ನ ಏನು ಮಾಡಲಿ! ಕುದುರೆ ಅಂದದ್ದೂ ಸುಳ್ಳು. ಅಣ್ಣ ಹೋದಾಗಿನಿಂದ ಎರಡನೇ ಮಹಡಿಗೇ ಉಸಿರು ಸಾಲಲ್ಲ. ದುಃಖಕ್ಕೆ ಹಾಗಾಗುತ್ತೆ ಅಂದುಕೊಂಡಿದ್ದೆ.

ಡಾಕ್ಟರ ಹತ್ತಿರ ಹೋದೆ. ಎದೆಗೆ ಕೊಳವೆ ಇಟ್ಟು ತುಂಬಾ ಹೊತ್ತು ಕೇಳಿದರು, ಮುಖ ಗಂಟಾಯ್ತು. ‘ಹಳೇ ಸ್ಕ್ಯಾನು ತನ್ನಿ, ಎಷ್ಟು ಕೆಟ್ಟಿದೆ ಅಂತ ಹೋಲಿಸಿ ನೋಡಬೇಕು, ತಡ ಮಾಡಬೇಡಿ’ ಅಂದರು. ಹಳೇ ಸ್ಕ್ಯಾನು ಅಣ್ಣನ ಮುಚ್ಚಿದ ಕಡತದಲ್ಲಿದೆ. ಸತ್ತವರ ಕಡತ ಡಾಕ್ಟರಿಗೆ ತೆರೆಯಲ್ಲ. ಮುಚ್ಚಿದವನು ನಾನು.

ತೆಗೆದ ಸಾಲಿನ ಪ್ರತಿ ನಮ್ಮಲ್ಲಿ ಇರುತ್ತೆ. ಅದನ್ನ ವಾಪಸ್ ಹಾಕೋಕೆ ಹೋದೆ. ‘ಈ ವ್ಯಕ್ತಿ ಆಗಲೇ ಇದ್ದಾರೆ’ ಅಂತು. ನನ್ನ ಕಾವಲಿನವನೇ ನನ್ನನ್ನ ಬಾಗಿಲಲ್ಲಿ ತಡೆದ. ಮಾಡಿದ್ದುಣ್ಣೋ ಮಹರಾಯ ಅಂದ ಹಾಗಾಯ್ತು. ಅತ್ತಿಗೆ, ನಾನು ಪರದೆ ಮುಂದೆ ಕೂತು, ‘ಅಣ್ಣಾ, ಸ್ವಲ್ಪ ಸರಿದುಕೋ’ ಅಂದೆ. ಬಾಯಿಬಿಟ್ಟೇ ಅಂದೆ. ಪಕ್ಕದ ಮೇಜಿನವಳು ತಿರುಗಿ ನೋಡಿದಳು.

ಕಾವಲಿನವನನ್ನ ಒಂದು ಗಳಿಗೆ ಆಚೆ ಕಳಿಸಿ ಹಳೇ ಸಾಲನ್ನ ಹಾಗೇ ನುಗ್ಗಿಸಬಹುದು. ಆಗ ಅಣ್ಣನ ಹೆಸರಿನಲ್ಲೇ ನನಗೆ ಔಷಧಿ ನಡೆಯುತ್ತೆ. ನನಗೇನಾದರೂ ಆದರೆ ಅವನು ಎರಡನೇ ಸಲ ಸಾಯ್ತಾನೆ. ಅದು ಬೇಡ. ಇನ್ನೊಂದು ದಾರಿ, ಆ ಸಾಲಿಗೆ ನನ್ನ ಹೆಸರು, ನಾನು ಹುಟ್ಟಿದ ದಿನ ಹಾಕೋದು. ಕಾವಲಿನವನು ಸಲಾಮು ಹೊಡೆದು ಒಳಗೆ ಬಿಡ್ತಾನೆ. ಅದಕ್ಕೆ ಕಾರಣ ಬರೀಬೇಕು, ಅಂದರೆ ಕಾರ್ಡಿನ ಕಥೆ ಹೇಳಬೇಕು. ಆಫೀಸಿನಲ್ಲಿ ನಮ್ಮ ಮೇಲಿನವರ ಕಿವಿಗೆ ಹಾಕಿದೆ. ಅವರು ಕನ್ನಡಕ ತೆಗೆದು ಒರೆಸಿ, ‘ಕದ್ದವರು ಇಲ್ಲ, ಕದ್ದ ಮಾಲು ನೀನು. ನಿನ್ನನ್ನ ಯಾರಿಗೆ ವಾಪಸ್ ಕೊಡೋಣಯ್ಯಾ?’ ಅಂದರು.

ಆದರೆ ಹಾಗೆ ಮಾಡಿದರೆ ಆ ಹೆಸರಿನಲ್ಲಿ ಇನ್ನು ಯಾವ ಕರೆಯೂ ಬರಲ್ಲ. ಕಪಾಟಿನ ಫೋನಿಗೆ ಬಂದರೂ ನನ್ನ ಹೆಸರು ಬರುತ್ತೆ. ಒಂದು ಸಲ ನಿಮ್ಮನ್ನ ಕೇಳದೆ ಮಾಡಿದೆ. ಈ ಸಲ ಕೇಳ್ತಿದ್ದೀನಿ. ಹಾಕಲಾ?

ಚಿಕ್ಕೋನು


ಮಾರ್ಚ್ ೨೧

ಹಾಕೋ ಪೆದ್ದೇ! ಇದಕ್ಕೂ ಕಾಗದ ಬರೆದು ಕೂತಿದ್ದೀಯಲ್ಲ, ಉಸಿರೇನು ಗೂಡಂಗಡಿಯಲ್ಲಿ ಸಿಗುತ್ತಾ?

ನೀನು ನನ್ನ ಬಗ್ಗೆ ಅಂದುಕೊಂಡಿದ್ದು ಪೂರ್ತಿ ತಪ್ಪೇನಲ್ಲ. ನಿನ್ನ ತಪಾಸಣೆಯ ದಿನ ತಿಳೀಬೇಕು ಅಂತಲೇ ಆ ಫೋನನ್ನ ಇಟ್ಟಿದ್ದೆ, ನಿಜ. ಆದರೆ ಆ ಯಂತ್ರದವಳು ಅವರ ಹೆಸರು ಹೇಳೋ ರೀತಿ ಇತ್ತಲ್ಲ, ಅದಕ್ಕೂ ಕಾಯ್ತಿದ್ದೆ. ಈ ಮನೆಯಲ್ಲಿ ಆ ಹೆಸರನ್ನ ಬಾಯಿಬಿಟ್ಟು ಹೇಳೋರು ಬೇರೆ ಯಾರಿದ್ದಾರೆ? ನಾನಂತೂ ‘ರೀ’ ಅಂತ ಕರೆದೇ ಬಾಳಿದೆ. ಒಂದು ದಿನ ಮಧ್ಯಾಹ್ನ ನಾನೇ ಆ ನಂಬರಿಗೆ ಫೋನ್ ಮಾಡಿದ್ದೆ. ಕಪಾಟಿನಲ್ಲಿ ಹೊಡ್ಕೊಳ್ತು. ಎತ್ತುತ್ತಾರೇನೋ ಅಂತ ಕಾದೆ ಕಣೋ.

ಸಾಕು. ನಿನ್ನ ಹೆಸರು ಹಾಕು. ಅವರಿಗೆ ನಾನು ಹೇಳ್ಕೋತೀನಿ.

ಅತ್ತಿಗೆ


ಮಾರ್ಚ್ ೨೮

ಅತ್ತಿಗೆ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೀತಿದ್ದೀನಿ. ಇಲ್ಲಿಯ ಶಾಖೆಯಲ್ಲೇ ತೋರಿಸಿದೆ. ಹೊಸ ಸಾಲು ಸರಿಯಾಗಿ ಒಳಗೆ ಹೋಗಿದೆ, ಸ್ಕ್ಯಾನುಗಳೂ ಸಿಕ್ಕವು. ಪರದೆಯ ಮೇಲೆ ನನ್ನ ಹೆಸರು ಬಂತು. ಆದರೆ ನಿಮ್ಮೂರಿನಿಂದ ಹಳೇ ಕಾಗದದ ಕಡತವನ್ನೂ ತರಿಸಿದ್ದರು, ರಟ್ಟಿನ ಮೇಲಿನ ಹೆಸರು ಯಾರೂ ತಿದ್ದಿರಲಿಲ್ಲ. ದಾದಿ ಬಾಗಿಲಿಗೆ ಬಂದು ಅದನ್ನೇ ಓದಿ ಅಣ್ಣನ ಹೆಸರು ಕೂಗಿದಳು. ಯಾರೂ ಏಳಲಿಲ್ಲ. ನಾನೂ ಸುತ್ತ ನೋಡಿದೆ, ಬರ್ತಾನೇನೋ ಅಂತ. ಅವಳು ಇನ್ನೊಂದು ಸಲ ಕೂಗಿದಳು. ಎದ್ದು ‘ಹೂಂ’ ಅಂದೆ.

ಕವಾಟ ಪೂರ್ತಿ ಸೋತಿದೆಯಂತೆ. ಬರೋ ಗುರುವಾರ ಎದೆ ತೆರೆದು ಬದಲಾಯಿಸ್ತಾರೆ. ಈಗಲಾದರೂ ಬಂದಿರಲ್ಲ ಅಂದರು ಡಾಕ್ಟರು, ಇನ್ನೆರಡು ತಿಂಗಳು ಬಿಟ್ಟಿದ್ದರೆ ಮಾತೇ ಬೇರೆ ಅಂದರು. ನನಗೆ ಹೆದರಿಕೆ ಆಗ್ತಿದೆ ಅತ್ತಿಗೆ. ಅಣ್ಣ ಹೇಳಿದ್ದು ಸರಿ, ಎದೆ ಹಿಡ್ಕೊಂಡೇ ಕೂತಿದ್ದೀನಿ.

ದಾಖಲಾಗೋಕೆ ಕೌಂಟರಿಗೆ ಹೋದೆ. ಜೊತೆಗೆ ಯಾರು ಇರ್ತಾರೆ ಅಂತ ಕೇಳಿದ. ನಿಮ್ಮ ಹೆಸರು ಹೇಳಿದೆ. ಸಂಬಂಧ? ಅತ್ತಿಗೆ ಅಂದೆ. ಅವನು ಪರದೆಯಲ್ಲಿ ಮೇಲೆ ಕೆಳಗೆ ಹುಡುಕಿದ. ಹೆಂಡತಿ ಇದೆ, ಮಗಳು ಇದೆ, ಅಕ್ಕ ಇದೆ, ಅತ್ತಿಗೆ ಇಲ್ಲವಂತೆ. ಆ ಪಟ್ಟಿ ಮಾಡಿದ್ದು ನಮ್ಮ ಆಫೀಸೇ, ನಮ್ಮ ಬಾಯಿಗಿಷ್ಟು ಮಣ್ಣು ಹಾಕ. ಹಿಂದೆ ಸಾಲು ಬೆಳೀತಿತ್ತು. ಅವನು ತಲೆ ಕೆರೆದುಕೊಂಡು, ತನಗೆ ತೋಚಿದ್ದನ್ನ ಒತ್ತಿ, ಚೀಟಿ ಕೈಗೆ ಕೊಟ್ಟ. ‘ತಾಯಿ’ ಅಂತಿತ್ತು.

ತಪ್ಪು ದಾಖಲೆ ತಿದ್ದೋದೇ ನನ್ನ ಹೊಟ್ಟೆಪಾಡು. ‘ಸರಿ ಇದೆಯಾ ಸಾರ್?’ ಅಂತ ಕೇಳಿದ. ಸರಿ ಇದೆ ಅಂದೆ.

ಬುಧವಾರದ ಒಳಗೆ ಬನ್ನಿ.

ಚಿಕ್ಕೋನು